ಅಪ್ಪ ದೇವರ ಜೊತೆ ಟೂ ಬಿಟ್ಟದ್ದು

ಹೋದ ಮಳೆಗಾಲದಲ್ಲಿ ನನ್ನ ತಂಗಿ ಮಲೇರಿಯಾ ಜ್ವರದಲ್ಲಿ ತೀರಿಕೊಂಡಳು. ಐದು ವರ್ಷದವಳು. ಜಪಾನಿನ ಜೊತೆ ಯುದ್ಧ ಶುರುವಾದ ಮೇಲೆ ಕ್ವಿನೈನ್ ಮಾತ್ರೆ ಎಲ್ಲಿಯೂ ಸಿಗುತ್ತಿರಲಿಲ್ಲ. ಅದನ್ನು ಉದ್ದಕ್ಕೆ ಬರೆಯುವುದಿಲ್ಲ. ಮಣ್ಣು ಮಾಡಿ ಬಂದ ಸಂಜೆ ಅಮ್ಮ ಜಪಸರ ತೆಗೆದಳು. ಅಪ್ಪ ಎದ್ದು ಬಾಗಿಲ ಕಡೆ ಹೊರಟ.

"ಎಲ್ಲಿಗೆ ಹೊರಟ್ರಿ? ಪ್ರಾರ್ಥನೆ ಹೊತ್ತು" ಎಂದಳು ಅಮ್ಮ.

"ನೀವು ಮಾಡ್ಕೊಳ್ಳಿ. ನಂಗೆ ಮಾತಿಲ್ಲ."

"ಯಾರ ಹತ್ರ ಮಾತಿಲ್ಲ?"

ಅಪ್ಪ ಗೋಡೆಯ ಮೇಲಿನ ಶಿಲುಬೆಯ ಕಡೆ ಗದ್ದ ಎತ್ತಿ ತೋರಿಸಿ ಹೊರಗೆ ಹೋದ.

ಗೋಲಿ ಆಡುವ ಮಕ್ಕಳು ಜಗಳವಾಡಿ ಟೂ ಬಿಡುತ್ತಾರಲ್ಲ, ಹಾಗೆ. ತಲೆ ನರೆತ ಅಪ್ಪ, ಎಸ್ಟೇಟಿನ ಕಾಫಿ ಸ್ಟೋರಿನ ಮೇಸ್ತ್ರಿ, ದೇವರ ಜೊತೆ ಟೂ ಬಿಟ್ಟ.

ಬಣಕಲ್ ಹತ್ತಿರದ ಆ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಅಪ್ಪನದು ಅಂಥ ಗಂಟಲು. ಅವನು ಜಪಸರ ಶುರು ಮಾಡಿದರೆ ಪಕ್ಕದ ಮನೆಯ ಕೋಳಿಗಳು ಹೊತ್ತು ಮುಳುಗಿತು ಎಂದು ತಿಳಿದು ತಾವಾಗಿ ಗೂಡಿಗೆ ಹೋಗುತ್ತಿದ್ದವು. ಈಗ ಆ ಕೋಳಿಗಳು ಕತ್ತಲಾದರೂ ಅಂಗಳದಲ್ಲೇ ದಾರಿ ತಪ್ಪಿದವರ ಹಾಗೆ ನಿಲ್ಲತೊಡಗಿದವು. ಎರಡನ್ನು ನರಿ ಹೊತ್ತುಕೊಂಡು ಹೋಯಿತು. ಪಕ್ಕದ ಮನೆಯಾಕೆ ನಮ್ಮ ಧರ್ಮದವಳಲ್ಲ. ಆದರೂ ಬಂದು, "ಮೇಸ್ತ್ರಿಗಳೇ, ನಿಮ್ಮ ದೇವ್ರ ಹತ್ರ ಒಂದು ರಾಜಿ ಮಾಡ್ಕೊಳ್ಳಿ ಮಾರಾಯ್ರೆ, ನಮ್ಮ ಕೋಳಿ ಉಳೀತಾವೆ" ಎಂದು ಕೇಳಿಕೊಂಡಳು.

ಅಪ್ಪ ಕೇಳಲಿಲ್ಲ. ನಾವು ಊಟಕ್ಕೆ ಮೊದಲು ಕೈ ಮುಗಿದರೆ ಅವನು ಬೇಕೆಂದೇ ಮೊದಲ ತುತ್ತು ಬಾಯಿಗೆ ಹಾಕಿಕೊಂಡು ಜೋರಾಗಿ ಅಗಿಯುತ್ತಿದ್ದ. ಚರ್ಚಿನ ಮುಂದೆ ಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದ. ಒಂದು ದಿನ ಹಾಗೆ ತಿರುಗಿಸಿಕೊಂಡು ಹೋಗಿ ಚರಂಡಿಗೆ ಬಿದ್ದ.

"ಅಯ್ಯೋ ದೇವ್ರೇ!" ಎಂದ.

"ದೇವ್ರ ಹತ್ರ ಮಾತಾಡಿದ್ಯಲ್ಲ" ಎಂದೆ ನಾನು.

"ಅದು ಲೆಕ್ಕಕ್ಕಿಲ್ಲ. ಕೈ ಕೊಡು" ಎಂದ.

ಅಮ್ಮ ಮಾತ್ರ ದಿನಾ ಒಂದೇ ಹೇಳುತ್ತಿದ್ದಳು, "ದೇವ್ರು ಒಳ್ಳೆಯವನು." ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಹೇಳುತ್ತಿದ್ದಳು, ಸೀಮೆಎಣ್ಣೆ ಇಲ್ಲದೆ ಕತ್ತಲಲ್ಲಿ ತಡವರಿಸುತ್ತಾ ಹೇಳುತ್ತಿದ್ದಳು. ತಂಗಿಯ ಸಣ್ಣ ಲಂಗವನ್ನು ಮಡಚಿ ಪೆಟ್ಟಿಗೆಗೆ ಇಡುವಾಗಲೂ ಹೇಳಿದಳು. ಆಗ ನನಗೇ ಸಿಟ್ಟು ಬಂತು. ಆದರೆ ಡಿಸೆಂಬರ್ ಬಂದಾಗ ಅವಳಿಗೂ ಹೆದರಿಕೆ ಹತ್ತಿತು. ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು:

"ಹಬ್ಬದ ದಿನಾನೂ ನಿಮ್ಮಪ್ಪ ಹೀಗೇ ಇದ್ರೆ ಇನ್ನು ಸಾಯೋವರೆಗೂ ಹೀಗೇ. ಮಗಳು ಹೋದ್ಲು. ಇವರೂ ಹೋದ್ರೆ ನಾನು ಯಾರ ಜೊತೆ ಪ್ರಾರ್ಥನೆ ಮಾಡ್ಲಿ?"

"ನಾನಿದ್ದೀನಲ್ಲ."

"ನೀನು ಅರ್ಧಕ್ಕೇ ನಿದ್ದೆ ಹೋಗ್ತೀಯ" ಎಂದಳು. ಅದು ನಿಜ.

ನಮ್ಮ ಮನೆಯ ಗೋದಲಿಯ, ಅಂದರೆ ಕ್ರಿಸ್ಮಸ್ಸಿಗೆ ಕಟ್ಟುವ ಯೇಸು ಹುಟ್ಟಿದ ಕೊಟ್ಟಿಗೆಯ ಬಗ್ಗೆ ಇಲ್ಲಿ ಹೇಳಬೇಕು. ಪ್ರತಿ ವರ್ಷ ಬಿದಿರು, ಹುಲ್ಲು ತಂದು ಅಪ್ಪನೇ ಕಟ್ಟುತ್ತಿದ್ದ. ಎತ್ತು, ಒಂಟೆ ಮೊದಲಾದ ಮಣ್ಣಿನ ಬೊಂಬೆಗಳನ್ನು ಕುಂಬಾರನ ಹತ್ತಿರ ಮಾಡಿಸಿದ್ದು. ಕುಂಬಾರ ಒಂಟೆ ನೋಡಿದವನಲ್ಲ, ಕುದುರೆ ಮಾಡಿ ಬೆನ್ನ ಮೇಲೆ ಒಂದು ಉಂಡೆ ಅಂಟಿಸಿದ್ದ. ಯೋಸೇಫರಿಗೆ ಪೊಲೀಸ್ ಪೇದೆಯ ಮೀಸೆ. ಬಾಲಯೇಸುವಿನ ಬೊಂಬೆ ಮಾತ್ರ ಚೆನ್ನಾಗಿತ್ತು. ಹುಟ್ಟದ ಮಗುವನ್ನು ಮೊದಲೇ ಮಲಗಿಸಬಾರದೆಂದು ಅದನ್ನು ಹಬ್ಬದವರೆಗೆ ಬಚ್ಚಿಡುವುದು ನಮ್ಮ ಮನೆಯ ಪದ್ಧತಿ. ಹಬ್ಬದ ದಿನ ಮನೆಯ ಅತಿ ಚಿಕ್ಕವರು ಅದನ್ನು ತಂದು ಹುಲ್ಲಿನ ಮೇಲೆ ಮಲಗಿಸಬೇಕು. ಹಿಂದಿನ ವರ್ಷ ತಂಗಿ ಮಲಗಿಸಿದ್ದಳು. ಮಲಗಿಸುವ ಮೊದಲು, ಮಗುವಿಗೆ ದೃಷ್ಟಿಯಾಗುತ್ತದೆ ಎಂದು ಅಮ್ಮನ ಕಾಡಿಗೆ ತೆಗೆದು ಅದರ ಕೆನ್ನೆಗೆ ದೊಡ್ಡ ಬೊಟ್ಟು ಇಟ್ಟಿದ್ದಳು. ಮಣ್ಣು ಕಾಡಿಗೆಯನ್ನು ಹೀರಿಕೊಂಡಿತು. ಎಷ್ಟು ಒರೆಸಿದರೂ ಹೋಗಲಿಲ್ಲ.

ಈ ಸಲ ಅಪ್ಪ ಮೊದಲೇ ಹೇಳಿಬಿಟ್ಟ, "ಗೋದಲಿ ಇಲ್ಲ. ಆ ಬೊಂಬೆ ನನ್ನ ಕಣ್ಣಿಗೆ ಬಿದ್ರೆ ಹೊಳೆಗೆ ಹಾಕ್ತೀನಿ."

ಅಮ್ಮ ಹೆದರಿ ಬೊಂಬೆಯನ್ನು ಮನೆಯಿಂದಲೇ ಸಾಗಿಸಿದಳು. ಅವಳ ಕೆಲಸ ಕಣದಲ್ಲಿ, ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ಎಳೆದು ತಿರುವಿ ಹಾಕುವುದು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ತೆಳ್ಳಗಿನ ಹೊಟ್ಟಿನ ಸಮೇತ ಒಣಗಿಸಿದ ಬೀಜ. ಸ್ಟೋರಿನ ಮೂಲೆಯಲ್ಲಿ ಅದರ ಅರ್ಧ ತುಂಬಿದ ಮೂಟೆಯೊಂದು ಒರಗಿ ನಿಂತಿತ್ತು. ಒಣಗಿದ ಕಾಫಿಯ ನಡುವೆ ಮಣ್ಣಿನ ಬೊಂಬೆ ಒಡೆಯುವುದಿಲ್ಲ, ಗಂಡ ಹುಡುಕುವುದಾದರೆ ಮನೆಯಲ್ಲಿ ಹುಡುಕುತ್ತಾನೆ, ತಾನು ನಿಂತ ಜಾಗದಲ್ಲಿ ಹುಡುಕುವುದಿಲ್ಲ ಎಂದು ಅಮ್ಮನ ಲೆಕ್ಕಾಚಾರ. ಮೂಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ಬೊಂಬೆಯನ್ನು ಹುಗಿದು ಬಂದಳು.

ಮರುದಿನ ಬೆಳಿಗ್ಗೆ ಅಪ್ಪ ಆ ಅರ್ಧ ಮೂಟೆಯನ್ನು ಬಾಯಿವರೆಗೆ ತುಂಬಿಸಿದ. ಹೊಲಿದ. ಬೇರೆ ಮೂಟೆಗಳ ಜೊತೆ ಲಾರಿಗೆ ಹೇರಿಸಿ, ಹೊಟ್ಟು ಬಿಡಿಸುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಕಳಿಸಿಬಿಟ್ಟ. ದೇವರ ಜೊತೆ ಮಾತು ಬಿಟ್ಟವನು ದೇವರನ್ನೇ ಗೋಣಿಚೀಲದಲ್ಲಿ ಹಾಕಿ ಹೊಲಿದುಬಿಟ್ಟ.

ಅಮ್ಮ ಸ್ಟೋರಿಗೆ ಹೋಗಿ ಖಾಲಿ ಮೂಲೆ ನೋಡಿ ಅಲ್ಲೇ ಕುಳಿತಳು. ಕೊನೆಗೆ ಅಪ್ಪನಿಗೆ ಹೇಳಲೇಬೇಕಾಯಿತು. ನಾನೂ ಅಲ್ಲೇ ಇದ್ದೆ.

"ಕಾಫಿ ಮೂಟೇಲಿ ಬೊಂಬೆ ಇಟ್ಯಾ?" ಅಪ್ಪ ಕೂಗಿದ. "ಅಲ್ಲಿ ಮೂಟೆ ಸುರಿದಾಗ ಮಣ್ಣಿನ ಮಗು ಹೊರಗೆ ಬಿದ್ರೆ ಎಸ್ಟೇಟ್ ದೊರೆ ನನ್ನ ಸುಮ್ನೆ ಬಿಡ್ತಾನಾ? ಕೆಲ್ಸ ಹೋಗ್ತದೆ ಕಣೇ!"

"ಹಾಗಾದ್ರೆ ಹೋಗಿ ತನ್ನಿ."

"ಹೋಗ್ತೀನಿ. ಕೆಲ್ಸಕ್ಕೋಸ್ಕರ ಹೋಗ್ತೀನಿ. ಅವನಿಗೋಸ್ಕರ ಅಲ್ಲ, ಗೊತ್ತಾಯ್ತಾ?"

"ಗೊತ್ತಾಯ್ತು, ಮೊದ್ಲು ಹೋಗಿ" ಎಂದಳು ಅಮ್ಮ.

ಲಾರಿಯನ್ನು ನಡೆದು ಹಿಡಿಯುವುದು ಹೇಗೆ ಎಂದು ಯಾರಾದರೂ ಕೇಳಬಹುದು. ಪೆಟ್ರೋಲ್ ಇಲ್ಲದ ಕಾಲದ ಲಾರಿಯನ್ನು ಹಿಡಿಯಬಹುದು. ಅದು ಓಡುತ್ತಿದ್ದುದು ಇದ್ದಿಲಿನ ಹೊಗೆಯಲ್ಲಿ. ಹಿಂದೆ ನೀರಿನ ಹಂಡೆಯಂಥ ಒಂದು ಒಲೆ. ಇಳಿಜಾರಿನಲ್ಲಿ ಚೆನ್ನಾಗಿ ಓಡುತ್ತದೆ, ಏರು ಬಂದರೆ ಕೆಮ್ಮಿ ನಿಲ್ಲುತ್ತದೆ. ನಾವಿಬ್ಬರೂ ತೋಟದ ಒಳದಾರಿ ಹಿಡಿದು ಮೂಡಿಗೆರೆಗೆ ಸ್ವಲ್ಪ ಹಿಂದಿನ ಏರಿಗೆ ಬಂದಾಗ ಲಾರಿ ಅಲ್ಲೇ ನಿಂತಿತ್ತು. ಡ್ರೈವರ್ ಸಾಬರು ಮುಖವೆಲ್ಲ ಮಸಿ ಮಾಡಿಕೊಂಡು ಒಲೆಗೆ ಗಾಳಿ ಹಾಕುತ್ತಿದ್ದರು.

"ಸಾಬ್ರೇ, ಒಂದು ಮೂಟೆ ಬಿಚ್ಚಬೇಕಿತ್ತು" ಎಂದ ಅಪ್ಪ.

"ಯಾವ ಮೂಟೆ?"

"ಅದು ಗೊತ್ತಿಲ್ಲ."

ಸಾಬರು ಗಾಳಿ ಹಾಕುವುದನ್ನು ನಿಲ್ಲಿಸಿದರು. "ಒಳಗೆ ಎಂತ ಉಂಟು ಮೇಸ್ತ್ರಿಗಳೇ?"

ಅಪ್ಪ ನನ್ನ ಮುಖ ನೋಡಿದ. ನಾನು ಸುತ್ತಿಬಳಸದೆ, "ಬಾಲಯೇಸು" ಎಂದೆ.

ಸಾಬರು ಒಲೆಯ ಬಾಯಿ ಮುಚ್ಚಿ, "ಮೊದ್ಲು ತಳ್ಳಿ. ಮೇಲೆ ಹೋದ್ಮೇಲೆ ನೋಡುವ" ಎಂದರು.

ತಳ್ಳಿದೆವು. ಅಪ್ಪ ಒಂದು ಮೂಲೆ, ನಾನೊಂದು ಮೂಲೆ. ಹೊಗೆ ನೇರ ಮೂಗಿಗೆ. ಏರಿನ ತುದಿಯಲ್ಲಿ ಲಾರಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೂಟೆಗಳನ್ನು ಒಂದೊಂದಾಗಿ ಇಳಿಸಿದೆವು. ಎಲ್ಲಕ್ಕೂ ಅಪ್ಪನದೇ ಹೊಲಿಗೆ, ಗುರುತು ಸಿಗುವುದಿಲ್ಲ. ಸಾಬರಿಗೆ ತಡವಾಗುತ್ತಿತ್ತು. ಮೂಟೆಗೆ ಚುಚ್ಚಿ ಕಾಫಿ ಮಾದರಿ ತೆಗೆಯುವ ಚೂಪು ಕಬ್ಬಿಣದ ಕೊಳವೆಯೊಂದು ಅವರ ಸೀಟಿನ ಕೆಳಗಿತ್ತು. ಅದನ್ನು ತಂದು, "ಚುಚ್ಚಿ ನೋಡುವ, ಗಟ್ಟಿ ತಾಗಿದ್ರೆ ಅದೇ" ಎಂದು ಕೈ ಎತ್ತಿದರು.

"ಚುಚ್ಚಬೇಡಿ! ಮಗುಗೆ ತಾಗ್ತದೆ!" ಎಂದು ಅಪ್ಪ ಕಿರುಚಿ ಮೂಟೆಯ ಮೇಲೆ ಅಡ್ಡ ಬಿದ್ದ.

ನಾನೂ ಸಾಬರೂ ಅವನನ್ನು ನೋಡಿದೆವು. ಅಪ್ಪ ನಿಧಾನಕ್ಕೆ ಎದ್ದು ಅಂಗಿ ಕೊಡವಿಕೊಂಡು, "ಬೊಂಬೆ ಒಡೀತದೆ ಅಂದೆ" ಎಂದ.

ಆಮೇಲೆ ಒಂದೊಂದು ಮೂಟೆಯನ್ನೂ ತಬ್ಬಿಕೊಂಡು ಅಮುಕಿ ನೋಡತೊಡಗಿದ. ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಎಂತ ಮಾರಾಯ್ರೆ, ಕಾಫಿ ಕಳಿಸೋಕೆ ಅಷ್ಟು ದುಃಖವಾ?" ಎಂದು ಕೇಳಿ ನಕ್ಕು ಹೋದ. ಕೊನೆಗೆ ಒಂದು ಮೂಟೆಯನ್ನು ತಬ್ಬಿದ ಅಪ್ಪ ಬಿಡಲಿಲ್ಲ. ಹೊಲಿಗೆ ಬಿಚ್ಚಿ ಕೈ ಹಾಕಿದ. ಬಾಲಯೇಸು ಬಂತು. ಕಾಲು, ಕೈ, ಮೂಗು ಎಲ್ಲ ಸರಿ ಇತ್ತು. ಕೆನ್ನೆಯ ಮೇಲೆ ಕಾಡಿಗೆ ಬೊಟ್ಟೂ ಇತ್ತು.

ಅಪ್ಪ ಬೊಟ್ಟನ್ನೇ ನೋಡಿದ. ಆಮೇಲೆ ಶುರು ಮಾಡಿದ.

"ನಾಚಿಕೆ ಆಗಲ್ವಾ ನಿಂಗೆ?"

ಸಾಬರು ತಮಗೇ ಹೇಳಿದ್ದೆಂದು ಹೆದರಿ ಕೊಳವೆಯನ್ನು ಬೆನ್ನ ಹಿಂದೆ ಅಡಗಿಸಿದರು. ಅಪ್ಪನ ಕಣ್ಣು ಬೊಂಬೆಯ ಮೇಲೇ ಇತ್ತು.

"ನಿಂಗೆ ದೃಷ್ಟಿ ಆಗ್ಬಾರ್ದು ಅಂತ ಅವಳು ಬೊಟ್ಟಿಟ್ಲು. ಅಷ್ಟು ಸಣ್ಣ ಹುಡುಗಿ ನಿನ್ನ ನೋಡ್ಕೊಂಡ್ಲು. ನಿಂಗೆ ಅವಳನ್ನ ನೋಡ್ಕೊಳ್ಳೋಕೆ ಆಗ್ಲಿಲ್ವಾ? ಎಂತ ಕೆಲ್ಸ ಇತ್ತು ನಿಂಗೆ?"

ನಾನು ಮೂಟೆ ಹೊಲಿಯುವ ನೆಪ ಮಾಡಿದೆ. ಸಾಬರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಕೇಳಿ ಮೇಸ್ತ್ರಿಗಳೇ, ಕೇಳಿ. ಅವನ ಹತ್ರ ಅಲ್ದೆ ಇನ್ನು ಯಾರ ಹತ್ರ ಕೇಳ್ತೀರಿ" ಎಂದರು. ಆಮೇಲೆ ಮೂಟೆಗಳನ್ನು ಮತ್ತೆ ಹೇರಿ, ಸಾಬರನ್ನು ಕಳಿಸಿ, ನಾವು ಮನೆಯ ಕಡೆ ತಿರುಗಿದೆವು.

ಹಿಂತಿರುಗುವಾಗ ದಾರಿ ಇಡೀ ಅಪ್ಪನ ಬೈಗುಳ. ತಲೆಯ ವಸ್ತ್ರ ಬಿಚ್ಚಿ ಬೊಂಬೆಗೆ ಸುತ್ತಿ ಎದೆಗೆ ಹಿಡಿದುಕೊಂಡಿದ್ದ. ಬಾಯಿ ನಿಲ್ಲಲಿಲ್ಲ. ಕ್ವಿನೈನ್ ಬಗ್ಗೆ ಕೇಳಿದ, ಯುದ್ಧದ ಬಗ್ಗೆ ಕೇಳಿದ, ರೇಷನ್ ಅಕ್ಕಿಯ ಕಲ್ಲಿನ ಬಗ್ಗೆ ಕೇಳಿದ, ಪಕ್ಕದ ಮನೆಯ ಕೋಳಿಗಳನ್ನೂ ದೇವರ ತಲೆಗೇ ಕಟ್ಟಿದ. ಬಣಕಲ್ ಹತ್ತಿರ ಸೌದೆ ಹೊತ್ತ ಒಬ್ಬ ಅಜ್ಜಿ ನಿಂತು ಇಣುಕಿದಳು.

"ಕೂಸಿಗೆ ಯಾಕಪ್ಪಾ ಹಾಗೆ ಬೈತೀಯ? ಎಷ್ಟು ತಿಂಗಳದ್ದು?"

"ಇನ್ನೂ ಹುಟ್ಟಿಲ್ಲ ಅಜ್ಜಿ" ಎಂದೆ ನಾನು. ಹಬ್ಬಕ್ಕೆ ಇನ್ನೂ ದಿನವಿತ್ತು. ಅಜ್ಜಿ ಸೌದೆ ಹೊತ್ತುಕೊಂಡೇ ಓಡಿದಳು. ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದವರನ್ನು ನಾನು ನೋಡಿಲ್ಲ.

ಬಾಗಿಲಲ್ಲಿ ಅಮ್ಮ ಕಾಯುತ್ತಿದ್ದಳು. ಅಪ್ಪ ಬೊಂಬೆಯನ್ನು ಅವಳ ಕೈಗೆ ಕೊಟ್ಟು ಮುಖ ತೊಳೆಯಲು ಹೋದ.

"ಎಂತ ಅಂದ್ರು?" ಎಂದು ಪಿಸುಗುಟ್ಟಿದಳು.

"ಎಂತ ಅನ್ನೋದು, ಮೂಡಿಗೆರೆಯಿಂದ ಇಲ್ಲೀವರೆಗೆ ದೇವ್ರಿಗೆ ಬೈಕೊಂಡೇ ಬಂದ. ಕೇಳೋಕಾಗ್ಲಿಲ್ಲ."

ಅಮ್ಮ ಹೌಹಾರುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತು. "ಬೈದ್ರಾ? ನಿಜವಾಗ್ಲೂ? ಎದುರಿಗೇ?"

"ಎದುರಿಗೇ."

"ಹಾಗಾದ್ರೆ ಮಾತಾಡಿದ್ರಲ್ಲ!"

ಬಚ್ಚಲಿನಿಂದ ಅಪ್ಪ ಕೂಗಿದ, "ಅದು ಲೆಕ್ಕಕ್ಕಿಲ್ಲ!"

"ಇದೆ!" ಎಂದು ಅಮ್ಮ ಅವನಿಗಿಂತ ಜೋರಾಗಿ ಕೂಗಿದಳು. "ದೊರೆಗೆ ಹೀಗೆ ಬೈದು ನೋಡಿ. ಸಂಜೆಯೊಳಗೆ ಲೈನು ಖಾಲಿ ಮಾಡಿಸ್ತಾನೆ. ಇವನು ಎದೆ ಮೇಲೆ ಮಲಗಿ ಅಷ್ಟೂ ಕೇಳಿಸ್ಕೊಂಡು ಬಂದಿದ್ದಾನೆ. ಒಳ್ಳೆಯವನು ಅಂತ ನಾನು ಹೇಳಿದ್ದು ಸುಳ್ಳಾ?"

ಬಚ್ಚಲಿನಿಂದ ನೀರು ಚೆಲ್ಲುವ ಸದ್ದು ಮಾತ್ರ ಬಹಳ ಹೊತ್ತು ಬಂತು. ಮರುದಿನ ಅಪ್ಪನೇ ಬಿದಿರು ಕಡಿದು ತಂದ.

ಹಬ್ಬದ ದಿನ ಸೀಮೆಎಣ್ಣೆ ಇರಲಿಲ್ಲವಾದ್ದರಿಂದ ಬೆಳಕಿರುವಾಗಲೇ ಗೋದಲಿಯ ಮುಂದೆ ಕುಳಿತೆವು. ಈಗ ಮನೆಯ ಅತಿ ಚಿಕ್ಕವನು ನಾನು. ಮೀಸೆ ಬಂದಿದೆ, ಬಾಗಿಲು ದಾಟುವಾಗ ತಲೆ ತಾಗುತ್ತದೆ. ಬೊಂಬೆ ಹಿಡಿದು ಮೊಣಕಾಲೂರಿದೆ. ನಾಚಿಕೆಯಾಯಿತು, ತಂಗಿಯ ನೆನಪೂ ಬಂತು, ಬೇಗ ಮುಗಿಸೋಣವೆಂದು ಹುಲ್ಲಿನ ಮೇಲೆ ಇಟ್ಟುಬಿಟ್ಟೆ.

"ಏ ಕತ್ತೆ, ತಲೆ ಆ ಕಡೆ ಹಾಕು. ಎತ್ತು ತುಳೀತದೆ" ಎಂದ ಅಪ್ಪ. ನಾನು ತಿರುಗಿಸುವ ಮೊದಲೇ ಅವನೇ ಬಗ್ಗಿ ತಿರುಗಿಸಿದ. ಕೆನ್ನೆಯ ಬೊಟ್ಟು ಮೇಲೆ ಬರುವ ಹಾಗೆ ಮಲಗಿಸಿದ. ಹುಲ್ಲು ಸರಿ ಮಾಡಿದ.

ಅಮ್ಮ ಜಪಸರ ಚಾಚಿ ಹಿಡಿದಳು. ಅಪ್ಪ ಅದನ್ನು ದುರುಗುಟ್ಟಿ ನೋಡಿದ.

"ಇನ್ನೂ ಕೇಳೋದು ಬಾಕಿ ಇದೆ ನಂಗೆ" ಎಂದ.

"ಆಮೇಲೆ ಕೇಳಿ. ಎಲ್ಲಿಗೂ ಹೋಗಲ್ಲ ಅವನು" ಎಂದಳು ಅಮ್ಮ.

ಅಪ್ಪ ಜಪಸರ ತೆಗೆದುಕೊಂಡು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. ಹೊರಗೆ ಇನ್ನೂ ಒಳ್ಳೆ ಬಿಸಿಲಿತ್ತು. ಪಕ್ಕದ ಮನೆಯ ಕೋಳಿಗಳು ಸಾಲಾಗಿ ಗೂಡಿಗೆ ಹೋದವು.