ಸಹಿ ಬರುತ್ತಿದ್ದವಳ ಹೆಬ್ಬೆಟ್ಟು

ನಾನು ನಿಂತಿದ್ದು ನಮ್ಮ ಶಾಲೆಯ ಮೂರನೇ ತರಗತಿಯ ಬಾಗಿಲಲ್ಲಿ, ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಮಂಡಲ ಪಂಚಾಯಿತಿಗಳು ಬಂದ ಮರುವರ್ಷದ ಬೇಸಿಗೆ, ಸೋಮವಾರ, ಬೆಳಗಿನ ಹನ್ನೊಂದು ಗಂಟೆ. ಶಾಲೆಗೆ ರಜೆ ಇದ್ದುದರಿಂದ ಪಂಚಾಯಿತಿಯ ಸಭೆ ಅಲ್ಲೇ ಸೇರಿತ್ತು.

ದೊಡ್ಡನೆಕ್ಕುಂದಿಯ ಆಚೆಗಿನ ನಮ್ಮೂರ ಗೋಮಾಳವನ್ನು ಒಂದು ಕಾರ್ಖಾನೆಗೆ ಬಿಟ್ಟುಕೊಡಲು ಸದಸ್ಯರೆಲ್ಲ ಒಪ್ಪಬೇಕಿತ್ತು. ಒಪ್ಪದವಳು ಒಬ್ಬಳೇ, ಮಹಿಳಾ ಸೀಟಿನಲ್ಲಿ ಗೆದ್ದವಳು. ಹೆಸರು ಬರೆಯುವುದನ್ನು ಅವಳಿಗೆ ನಾನೇ ಕಲಿಸಿದ್ದೆ. ನಾಲ್ಕು ತಿಂಗಳು ಹಿಡಿದಿತ್ತು.

ಅವಳ ಗಂಡ ಸದಸ್ಯನಲ್ಲ, ಆದರೂ ಪಕ್ಕದಲ್ಲೇ ಕೂತಿದ್ದ. ಇಂಕ್ ಪ್ಯಾಡ್ ಎಳೆದುಕೊಂಡು ಅವಳ ಹೆಬ್ಬೆರಳು ಹಿಡಿದ.

"ಬುಡಿ, ನಂಗೆ ಸೈನ್ ಬತ್ತದೆ. ಒಪ್ಕೊಂಡ್ರೆ ನಾನೇ ಆಕ್ತೀನಿ," ಎಂದಳು.

"ಓಹೋ, ಕಲೆಕ್ಟ್ರಮ್ಮ! ನೀನು ಬರ್ದು ಮುಗ್ಸೋದ್ರೊಳಗೆ ಫ್ಯಾಕ್ಟ್ರಿ ತುಮ್ಕೂರಿಗೆ ಒಂಟೋಯ್ತದೆ ಕಣೇ."

ಎಲ್ಲರೂ ನಕ್ಕರು. ಅವಳು ನನ್ನತ್ತ ತಿರುಗಿದಳು. "ಮೇಷ್ಟ್ರೇ, ನೀವಾರ ಯೋಳಿ."

ನಾನು ಹೇಳಲಿಲ್ಲ. ಸೋರುವ ಶಾಲೆಗೆ ಹೊಸ ಹೆಂಚು ಹೊದಿಸಿಕೊಡುವುದಾಗಿ ಮಂಡಲದ ಪ್ರಧಾನರು ಮಾತು ಕೊಟ್ಟಿದ್ದರು. ಗಂಡ ಅವಳ ಬೆರಳನ್ನು ಸಭೆಯ ನಡಾವಳಿ ಪುಸ್ತಕಕ್ಕೆ ಎರಡು ಸಲ ಒತ್ತಿದ. ಮೊದಲನೆಯದು ಸರಿಯಾಗಿ ಮೂಡಿರಲಿಲ್ಲ.

ಅವಳು ಮತ್ತೆ ಯಾವ ಸಭೆಗೂ ಬರಲಿಲ್ಲ. ತಾಲ್ಲೂಕು ಕಚೇರಿಗೆ ಹೋಗಿ ದೂರು ಕೊಟ್ಟಾಗ, ಪುಸ್ತಕದಲ್ಲಿ ಹೆಬ್ಬೆಟ್ಟು ಇದೆಯಲ್ಲಮ್ಮ ಎಂದು ಕಳಿಸಿದರಂತೆ.

ಅಂದು ಆ ಕೋಣೆಯಲ್ಲಿದ್ದವರಲ್ಲಿ ಪ್ರಧಾನರು ಈಗಿಲ್ಲ, ಗಂಡನಿಲ್ಲ, ಅವಳೂ ಇಲ್ಲ. ಟೀ ತಂದಿದ್ದ ಶಾಲೆಯ ಆಯಾ ಮಾರತ್ತಹಳ್ಳಿಯಲ್ಲಿ ಮಗಳ ಮನೆಯಲ್ಲಿ ಇದ್ದಾಳೆ. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ಸುಮ್ಮನಿದ್ದುದನ್ನೂ ನೋಡಿದ್ದಾಳೆ.