ವಿಂಡ್ಸರ್ ಗಾಡಿಯಲ್ಲಿ ಒಂದು ಸೀಟು

ರಾಜರ ಕೋಟೆ ನೋಡಲು ಲಂಡನ್ನಿನಿಂದ ವಿಂಡ್ಸರಿಗೆ ಹೊರಟೆವು. ನಡುವೆ ಬದಲಾಯಿಸಿ ಹತ್ತಿದ ಪುಟ್ಟ ರೈಲಿನಲ್ಲಿ ಸೀಟಿರಲಿಲ್ಲ. ಹೆಂಡತಿಯ ಮಂಡಿ ಆಗಲೇ ಮುಷ್ಕರ ಹೂಡಿತ್ತು.

"ಕೇಳ್ರೀ ಯಾರನ್ನಾದ್ರೂ! ಘಾಟ್ಕೋಪರಿನಲ್ಲಾದ್ರೆ ನಿಮಗೆ ಬಾಯಿ ಇರುತ್ತೆ."

ಮುಂಬೈಯ ಲೋಕಲ್ ರೈಲಿನಲ್ಲಿ ಪಳಗಿದ ನಾನು, ಕೂತಿದ್ದ ವೃದ್ಧರೊಬ್ಬರನ್ನು ಶಾಸ್ತ್ರೋಕ್ತವಾಗಿ ಕೇಳಿದೆ: "ತಾವು ಎಲ್ಲಿ ಇಳಿಯುತ್ತೀರಿ?" ನೀವೆದ್ದ ಮೇಲೆ ಸೀಟು ನಮ್ಮದು ಎಂಬುದು ಇದರ ಮುಂಬೈ ಅರ್ಥ.

ಆದರೆ ಆ ಗಾಡಿಗೆ ಮುಂದೆ ಇದ್ದದ್ದೇ ಒಂದು ಸ್ಟೇಷನ್. ಪಾಪ, ನಾವು ದಾರಿ ತಪ್ಪಿದ್ದೇವೆಂದು ಆತ ಗಾಬರಿಯಿಂದ ಎದ್ದು ಬಂದು, ಗೋಡೆಯ ನಕ್ಷೆಯಲ್ಲಿ ಬೆರಳಿಟ್ಟು ತಿಳಿಹೇಳತೊಡಗಿದರು. ನಾನು ವಿನಯದಿಂದ ಕೇಳಿಸಿಕೊಂಡೆ. ತಿರುಗಿ ನೋಡಿದರೆ ಹೆಂಡತಿಯ ಪಟ್ಟಾಭಿಷೇಕ ಮುಗಿದಿತ್ತು.

ಕೋಟೆ ಹೇಗಿತ್ತೆಂದು ಬಿಲ್ಡಿಂಗಿನವರು ಕೇಳಿದರೆ ಇವತ್ತಿಗೂ ಅವಳದು ಒಂದೇ ಉತ್ತರ: "ಸೀಟು ಸಿಕ್ಕಿತ್ತು."