ತೊಳೆದ ಹವಳ

ಪಕ್ಕದ ಮನೆಯ ಅಣ್ಣನ ಬಲಗೈ ಮೊಣಕೈಯವರೆಗೆ ಎಡಗೈಗಿಂತ ಬಿಳಿಚಿಕೊಂಡಿತ್ತು. ಬೆರಳ ತುದಿ ಸುಕ್ಕುಗಟ್ಟಿ, ಉಗುರಿನ ಸುತ್ತ ಸಣ್ಣ ಸಣ್ಣ ಗೀರುಗಳು. ದಿನಕ್ಕೆ ಎರಡು ಸಲ ಆ ಕೈ ಉಪ್ಪುನೀರಿನಲ್ಲಿ ಮುಳುಗುತ್ತಿತ್ತು.

ಬಂಟ್ವಾಳ ಪೇಟೆಯ ಹಿಂದೆ ನಮ್ಮದು ನಡುವೆ ಒಂದೇ ಗೋಡೆಯಿರುವ ಎರಡು ಮನೆ. ಮಸ್ಕತ್ತಿನಲ್ಲಿ ಅಡುಗೆ ಕೆಲಸ ಮುಗಿಸಿ ಊರಿಗೆ ಬರುವಾಗ ಅವರು ಅಲ್ಲಿಯ ಸಮುದ್ರ ದಂಡೆಯಲ್ಲಿ ಹೆಕ್ಕಿದ ಸತ್ತ ಹವಳದ ತುಂಡುಗಳನ್ನು ಲುಂಗಿಯಲ್ಲಿ ಸುತ್ತಿ ತಂದಿದ್ದರು. ಅವರ ಹೆಂಡತಿಗೆ, ನಾನು ಅತ್ತಿಗೆ ಎನ್ನುತ್ತಿದ್ದವರಿಗೆ, ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ ಆ ಗಂಟು ಬಿಚ್ಚಿತು. ಮಂಚದ ಎದುರು ಗಾಜಿನ ತೊಟ್ಟಿ ಇಟ್ಟು, ಹವಳ ಜೋಡಿಸಿ, ಕಿತ್ತಳೆ ಬಣ್ಣದ ಎರಡು ಸಮುದ್ರ ಮೀನು ಬಿಟ್ಟರು. "ನಮ್ಮ ಯಜಮಾನ್ತಿಯ ಟೀವಿ" ಎನ್ನುತ್ತಿದ್ದರು. ಅತ್ತಿಗೆಯ ಕಣ್ಣು ದಿನವಿಡೀ ಮೀನಿನ ಹಿಂದೆಯೇ ಹೋಗುತ್ತಿತ್ತು.

ಹವಳವನ್ನು ತೊಟ್ಟಿಗಿಳಿಸುವ ಮೊದಲು ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ, ವಾರಗಟ್ಟಲೆ ದಿನಾ ನೀರು ಬದಲಿಸಿ, ಬಿಸಿಲಿಗಿಟ್ಟು ಮೂಸಿದ್ದರು. "ಸಮುದ್ರದ ವಾಸನೆ ಬಂದರೆ ಒಳಗೆ ಇನ್ನೂ ಹೆಣ ಉಂಟು ಅಂತ ಲೆಕ್ಕ, ಸಿಸ್ಟ್ರೆ." ನರ್ಸಾಗಿ ಮೂವತ್ತು ವರ್ಷ ಆಪರೇಷನ್ ಥಿಯೇಟರಿನ ಉಪಕರಣ ಕುದಿಸಿದ ನನಗೆ ಆ ಶಿಸ್ತು ಹಿಡಿಸಿತು.

ಪ್ರತಿ ಮಂಗಳವಾರ ಉಳ್ಳಾಲಕ್ಕೆ ಹೋಗಿ ಎರಡು ಕ್ಯಾನ್ ಸಮುದ್ರದ ನೀರನ್ನು ಬಸ್ಸಿನಲ್ಲಿ ತರುತ್ತಿದ್ದರು. "ಬಂಟ್ವಾಳದಲ್ಲಿ ನೀರಿಗೆ ಬರ ಬಂತಾ ಮಾರಾಯ್ರೆ?" ಎಂದು ಕಂಡಕ್ಟರ್ ಕೇಳಿದರೆ, "ನೀರಿಗಲ್ಲ, ಉಪ್ಪಿಗೆ" ಎನ್ನುವರು.

ಅಣ್ಣ ತಮ್ಮ ಹೃದಯದ ಆಪರೇಷನ್ನಿಗೆ ಮಂಗಳೂರಿಗೆ ಹೋಗುವಾಗ ಅತ್ತಿಗೆಯನ್ನೂ ಮೀನನ್ನೂ ನನಗೆ ಒಪ್ಪಿಸಿದರು. "ಮೀನಿಗೆ ಎರಡು ಹೊತ್ತು ಚಿಟಿಕೆ ಆಹಾರ. ಬೇರೆ ಏನೂ ಮಾಡುವುದು ಬೇಡ."

ಮೂರನೆಯ ದಿನ ಅತ್ತಿಗೆಯ ಮೈ ಒರೆಸಿ, ಹಾಸಿಗೆ ಬದಲಿಸಿ, ನೆಲಕ್ಕೆ ಫಿನಾಯಿಲ್ ಹಾಕಿದೆ. ಕೊಳಕಾಗಿ ಉಳಿದದ್ದು ತೊಟ್ಟಿಯೊಂದೇ. ಹವಳದ ಮೇಲೆಲ್ಲ ಕಂದು ಲೋಳೆ ಹತ್ತಿತ್ತು. ಅವರು ಬರುವಾಗ ಬೆಳ್ಳಗೆ ಕಾಣಲಿ ಎಂದು ಒಂದೊಂದೇ ತುಂಡನ್ನು ಹೊರಗೆ ತೆಗೆದೆ. ಅತ್ತಿಗೆಯ ಗಂಟಲಿನಿಂದ ಒಂದು ಸದ್ದು ಬಂತು. ಮೂತ್ರಕ್ಕಿರಬೇಕೆಂದು ಬೆಡ್‌ಪ್ಯಾನ್ ಇಟ್ಟೆ. ಸದ್ದು ನಿಲ್ಲಲಿಲ್ಲ. ಪ್ಯಾನ್ ಖಾಲಿಯೇ ಇತ್ತು. ನಾನು ಕೆಲಸ ಮುಂದುವರಿಸಿದೆ.

ಹವಳವನ್ನೂ ಅಡಿಯ ಮರಳನ್ನೂ ಬ್ಲೀಚಿನಲ್ಲಿ ತೊಳೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ತೊಟ್ಟಿಗೆ ಹಾಕಿದೆ. ಎರಡು ದಿನ ಕಳೆದಾಗ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಮತ್ತೆರಡು ದಿನದಲ್ಲಿ ಎರಡೂ ಸತ್ತವು. ಅತ್ತಿಗೆ ಎಲ್ಲವನ್ನೂ ನೋಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಇದ್ದರು.

ಅಣ್ಣ ಬಂದವರು ಬಾಗಿಲಲ್ಲೇ ನಿಂತು ತೊಟ್ಟಿಯನ್ನು ನೋಡಿದರು. "ತುಂಬ ಬೆಳ್ಳಗಾಗಿದೆ, ಸಿಸ್ಟ್ರೆ."

"ನಾನು ಬ್ಲೀಚ್ ಒಂದು ಚೂರೂ ಉಳಿಸಲಿಲ್ಲ ಅಣ್ಣ."

"ಮೀನು ಸತ್ತದ್ದು ಉಳಿದ ಬ್ಲೀಚಿನಿಂದ ಅಲ್ಲ. ಹವಳದ ತೂತುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳು ಉಂಟು. ಮೀನಿನ ಹೊಲಸನ್ನು ತಿಂದು ನೀರು ಕಾಯುವುದು ಅವೇ. ತೊಳೆದಾಗ ಅವೂ ಹೋದವು. ಮತ್ತೆ ಒಕ್ಕಲಾಗಲಿಕ್ಕೆ ತಿಂಗಳುಗಟ್ಟಲೆ ಬೇಕು."

"ಮೊದಲೇ ಹೇಳಬಾರದಿತ್ತಾ?"

"ಕ್ರಿಮಿಯ ವಿಷಯ ನಾನು ನಿಮಗೆ ಹೇಳುವುದಾ?" ಎಂದು ಸ್ವಲ್ಪ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: "ನೀವು ಹವಳ ತೆಗೆಯುವಾಗ ಇವಳು ಏನಾದರೂ ಹೇಳಿದಳಾ?"

ಆ ಸದ್ದು ಏನೆಂದು ನನಗೆ ಆಗ ತಿಳಿಯಿತು. "ಇಲ್ಲ" ಎಂದೆ.

ಮೂರು ತಿಂಗಳು ಭಾರ ಎತ್ತಬಾರದೆಂದು ವೈದ್ಯರು ಬರೆದುಕೊಟ್ಟಿದ್ದರು. ತೊಟ್ಟಿಗೆ ಹೊಸ ನೀರು ನಾನು ತರುತ್ತೇನೆಂದೆ. "ನೀವು ತಂದರೆ ಅದನ್ನೂ ಕುದಿಸಿ ಕೊಟ್ಟೀರಿ" ಎಂದು ತಮಾಷೆ ಮಾಡಿದರು. ಮುಂದಿನ ಮಂಗಳವಾರ ನನಗೆ ಹೇಳದೆ ಉಳ್ಳಾಲಕ್ಕೆ ಹೋದರು. ವಾಪಸು ಬರುವಾಗ ನಮ್ಮ ಊರಿನ ಹತ್ತಿರದ ಬಿ.ಸಿ. ರೋಡಿನಲ್ಲಿ ಬಸ್ಸಿನಿಂದ ಒಂದು ಕ್ಯಾನ್ ಇಳಿಸಿ, ಇನ್ನೊಂದಕ್ಕೆ ಕೈ ಹಾಕುವಾಗ ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಇರಲಿಲ್ಲ. ಕಂಡಕ್ಟರ್ ಎರಡು ಕ್ಯಾನನ್ನೂ ಮನೆಗೆ ತಲುಪಿಸಿದ.

ಈಗ ಅತ್ತಿಗೆಯನ್ನು ನೋಡಿಕೊಳ್ಳುವವಳು ನಾನು. ಮಂಗಳವಾರ ಅರ್ಧ ಕ್ಯಾನ್ ನೀರು ತರುತ್ತೇನೆ, ಕುದಿಸುವುದಿಲ್ಲ. ಹವಳಕ್ಕೆ ಮತ್ತೆ ಕಂದು ಬಣ್ಣ ಹತ್ತುತ್ತಿದೆ. ಮೀನು ಇನ್ನೂ ಬಿಟ್ಟಿಲ್ಲ. ನೀರು ಹಾಕಲು ತೊಟ್ಟಿಯ ಮೇಲೆ ಬಗ್ಗಿದರೆ ಅತ್ತಿಗೆಯ ಗಂಟಲಿನಿಂದ ಆ ಸದ್ದು ಬರುತ್ತದೆ. ಪ್ಯಾನ್ ತರುವುದಿಲ್ಲ. ಕೈ ಹಿಂದಕ್ಕೆ ತೆಗೆದು, ಅವರು ಸುಮ್ಮನಾಗುವವರೆಗೆ ನಿಲ್ಲುತ್ತೇನೆ.